413 ಚೇಸ್ ಆಯ್ತು, ಪಡಿಕ್ಕಲ್ 147 ಬಗ್ಗೆ ಯಾರೂ ಮಾತಾಡಲ್ವಾ?

ತಿಂಡಿಬೀದಿ
ಇವತ್ತು (2025 ಡಿಸೆಂಬರ್ 24) ಬೆಳಗ್ಗೆಯಿಂದ ಆಫೀಸಲ್ಲಿ ಒಂದು ಟ್ಯಾಬಲ್ಲಿ ಸ್ಕೋರ್ ಇಟ್ಕೊಂಡೇ ಕೂತಿದ್ದೆ, ಕೆಲಸ ಎಷ್ಟಾಯ್ತು ಅಂತ ಕೇಳ್ಬೇಡಿ. ಅಹಮದಾಬಾದಲ್ಲಿ ನಮ್ಮ ಕರ್ನಾಟಕದ ಮೇಲೆ ಜಾರ್ಖಂಡ್ 412 ಹೊಡೆದಾಗ ಟ್ಯಾಬ್ ಮುಚ್ಚಿ ಊಟಕ್ಕೆ ಎದ್ದೆ, ಇಶಾನ್ ಕಿಶನ್ 33 ಬಾಲಲ್ಲಿ ನೂರು ಬಾರಿಸಿದ ಮೇಲೆ ಇನ್ನೇನ್ ನೋಡೋದು ಅಂತ. ವಾಪಸ್ ಬಂದು ಸುಮ್ನೆ ತೆಗೆದ್ರೆ ಮಯಾಂಕ್ ಅಗರ್ವಾಲ್ ಬೀಸ್ತಾ ಇದಾನೆ, ಆ ಕಡೆ ದೇವದತ್ತ ಪಡಿಕ್ಕಲ್ ಇದಾನೆ. ಮಯಾಂಕ್ 54ಕ್ಕೆ ಹೋದ, ಪಡಿಕ್ಕಲ್ ಇದಾನೆ. ಕಾಫಿ ಕುಡ್ಕೊಂಡ್ ಬಂದೆ, ಇನ್ನೂ ಇದಾನೆ. 118 ಬಾಲಲ್ಲಿ 147. ಕೊನೇಲಿ ಅಭಿನವ್ ಮನೋಹರ್, ಧ್ರುವ್ ಪ್ರಭಾಕರ್ ಮುಗಿಸಿಕೊಟ್ರು, 47.3 ಓವರಲ್ಲಿ 413. ವಿಜಯ್ ಹಜಾರೆ ಟ್ರೋಫಿಲಿ, ಅಂದ್ರೆ ರಾಜ್ಯ ಟೀಮುಗಳ 50 ಓವರ್ ಟೂರ್ನಿಲಿ, ಇಷ್ಟು ದೊಡ್ಡ ಚೇಸ್ ಹಿಂದೆ ಯಾರೂ ಮಾಡಿಲ್ಲ.

ಆಮೇಲೆ ಖುಷಿಲಿ ನ್ಯೂಸ್ ತೆಗೆದೆ. ವೈಭವ್ ಸೂರ್ಯವಂಶಿ 84 ಬಾಲಿಗೆ 190. ರೋಹಿತ್ 155. ಕೊಹ್ಲಿ 131. ಇಶಾನ್ ಕಿಶನ್ ಫೋಟೋ, ಅದೂ ಸೋತ ಟೀಮಿನವನದ್ದು! ನಮ್ಮವನದ್ದು ಎಲ್ಲೋ ಕೆಳಗಡೆ ಒಂದೂವರೆ ಸಾಲು. ತಪ್ಪೇನಿಲ್ಲ ಬಿಡಿ, 14 ವರ್ಷದ ಹುಡುಗ 190 ಹೊಡೆದ್ರೆ ನಾನಾದ್ರೂ ಅದನ್ನೇ ಮೇಲೆ ಹಾಕ್ತಿದ್ದೆ. ಆದ್ರೆ ಡಿಡಿಪಿ (ಪಡಿಕ್ಕಲ್‌ಗೆ ನಾವು ಕರೆಯೋ ಹೆಸರು) ಕಥೇಲಿ ಯಾವಾಗ್ಲೂ ಹೀಗೇ ಆಗುತ್ತೆ, ಅವನು ನಿಜವಾಗ್ಲೂ ಚೆನ್ನಾಗಿ ಆಡಿದ ದಿನ ಕ್ಯಾಮೆರಾ ಬೇರೆ ಕಡೆ ಇರುತ್ತೆ. ಅದಕ್ಕೇ ಕೇಳ್ತಾ ಇದೀನಿ, ಈ ಹುಡುಗ ಮೇಲೆ ಬಂದಿದ್ದು ಯಾವಾಗ? ಎಲ್ರೂ 2020 ಐಪಿಎಲ್ ಅಂತಾರೆ. ನಾನು ಒಪ್ಪಲ್ಲ.

ಈ ಸಲ ಕಪ್ ಬಂತು
2020 ಅಲ್ದೆ ಇನ್ಯಾವಾಗ ಗುರು? ದುಬೈಲಿ ಸನ್‌ರೈಸರ್ಸ್ ಮೇಲೆ ಮೊದಲ ಮ್ಯಾಚಲ್ಲೇ 56, ಆರ್‌ಸಿಬಿ ಪರ ಸೀಸನ್ ಪೂರ್ತಿ 473, ಎಮರ್ಜಿಂಗ್ ಪ್ಲೇಯರ್ ಅವಾರ್ಡ್. ಲಾಕ್‌ಡೌನ್ ಟೈಮಲ್ಲಿ ಮನೇಲಿ ಕೂತು ತಲೆ ಕೆಟ್ಟೋಗಿತ್ತು, ಸಾಯಂಕಾಲ ಏಳೂವರೆಗೆ ಈ ಉದ್ದನೆ ಎಡಗೈ ಹುಡುಗ ಕವರ್ ಡ್ರೈವ್ ಮಾಡಿದ್ರೆ ಅಮ್ಮ ಕೂಡ ಅಡುಗೆಮನೆಯಿಂದ ಬಂದು ನಿಂತ್ಕೊಂಡು ನೋಡ್ತಿದ್ರು. 2021 ವಾಂಖೆಡೆ ಮರೆತ್ರಾ? ರಾಜಸ್ಥಾನ್ 177, ಒಂದು ವಿಕೆಟ್ ಬೀಳ್ದೆ ಚೇಸ್, ಡಿಡಿಪಿ 52 ಬಾಲಲ್ಲಿ 101 ನಾಟೌಟ್, ಕೊಹ್ಲಿ 72 ನಾಟೌಟ್.

ಲೆಗ್ ಬೈ
ಆ 473 ರನ್ನಿನ ಸ್ಟ್ರೈಕ್ ರೇಟ್ (ನೂರು ಬಾಲಿಗೆ ರನ್) 125ರ ಒಳಗೆ ಇತ್ತು ಅನ್ನೋದನ್ನೂ ಸೇರಿಸಿ ಹೇಳಿ ಸ್ವಾಮಿ. ಆಗ್ಲೇ ಅರ್ಧ ಜನ ಬೈತಿದ್ರು, ನೀವೂ ಬೈದಿರ್ತೀರ.

ಈ ಸಲ ಕಪ್ ಬಂತು
ಬೈದಿದೀನಿ. ಆದ್ರೆ ಪ್ರೀತಿಯಿಂದ ಬೈದಿದ್ದು.

ನೈಟ್‌ವಾಚ್‌ಮನ್
ಇಬ್ರೂ ತಡವಾಗಿ ಶುರು ಮಾಡ್ತಿದೀರ. ನಾನು ಇವನನ್ನ ಗಮನಿಸಿದ್ದು 2018ರ ನವೆಂಬರ್ ಕೊನೇಲಿ, ಮೈಸೂರಲ್ಲಿ ಮಹಾರಾಷ್ಟ್ರ ಮೇಲೆ ರಣಜಿ ಡೆಬ್ಯೂ. ಮೊದಲ ಇನಿಂಗ್ಸಲ್ಲಿ ಏನೂ ಇಲ್ಲ, ಎರಡನೇದ್ರಲ್ಲಿ ಚೇಸ್ ಮಾಡುವಾಗ 77. ಹದಿನೆಂಟು ವರ್ಷ. ಅದಕ್ಕೂ ಮುಂಚೆ 2017ರ ಕರ್ನಾಟಕ ಪ್ರೀಮಿಯರ್ ಲೀಗಲ್ಲಿ ಬಳ್ಳಾರಿ ಟಸ್ಕರ್ಸ್‌ಗೆ ಆಡಿದ್ದ. ಆರ್‌ಸಿಬಿ 20 ಲಕ್ಷಕ್ಕೆ ತಗೊಂಡು 2019 ಸೀಸನ್ ಪೂರ್ತಿ ಬೆಂಚಲ್ಲಿ ಕೂರಿಸ್ತು, ಒಂದು ಮ್ಯಾಚೂ ಕೊಡ್ಲಿಲ್ಲ. ಆ ಸಿಟ್ಟಿಗೋ ಏನೋ 2019-20ರಲ್ಲಿ ವಿಜಯ್ ಹಜಾರೆಲಿ 609, ರಾಜ್ಯಗಳ ಟಿ20 ಟೂರ್ನಿ ಸೈಯದ್ ಮುಷ್ತಾಕ್ ಅಲಿಲಿ 580, ಎರಡರಲ್ಲೂ ದೇಶಕ್ಕೇ ಟಾಪ್ ಸ್ಕೋರರ್, ಎರಡೂ ಕಪ್ ನಮ್ದೇ. ಮುಷ್ತಾಕ್ ಅಲಿ ಫೈನಲ್ ಸೂರತಲ್ಲಿ, ತಮಿಳುನಾಡು ಮೇಲೆ ಒಂದೇ ಒಂದು ರನ್ನಿಂದ ಗೆದ್ದಿದ್ದು, ಕೊನೇ ಓವರ್ ಗೌತಮ್ ಹಾಕಿದ್ದು, ನೆನಪಿಸ್ಕೊಂಡ್ರೆ ಈಗ್ಲೂ ಎದೆ ಹೊಡ್ಕೊಳ್ಳುತ್ತೆ. ಅಂದ್ರೆ ಐಪಿಎಲ್ ಅವನನ್ನ ಕಂಡುಹಿಡೀಲಿಲ್ಲ, ಕರ್ನಾಟಕಕ್ಕೆ ಗೊತ್ತಿದ್ದ ಹುಡುಗನನ್ನ ಟಿವಿಗೆ ತೋರಿಸ್ತು ಅಷ್ಟೇ.

ಕುಡ್ಲ ಕಟ್ ಶಾಟ್
ಕರ್ನಾಟಕಕ್ಕೆ ಗೊತ್ತಿದ್ದ ಹುಡುಗ ಅಂತೀರಲ್ಲ ಮಾರಾಯ್ರೆ, ಹುಟ್ಟಿದ್ದು ಕೇರಳದ ಎಡಪ್ಪಾಳ್ ಅಲ್ವಾ? ನನ್ನ ಆಫೀಸಲ್ಲಿ ಒಬ್ಬ ಮಲಪ್ಪುರಂನವ ಇದ್ದಾನೆ, ಪಡಿಕ್ಕಲ್ ಐವತ್ತು ಹೊಡೆದ್ರೆ ಸಾಕು, ನನ್ನ ಟೇಬಲ್ ಹತ್ರ ಬಂದು 'ನಮ್ಮ ಹುಡುಗ' ಅಂತ ಹೇಳಿ ಹೋಗ್ತಾನೆ. ಸೊನ್ನೆಗೆ ಔಟಾದ ದಿನ ಬರುವುದೇ ಇಲ್ಲ, ಅವತ್ತು ಅವ ನಮ್ಮವ ಆಗ್ತಾನೆ ಕಾಣ್ತದೆ.

ತಿಂಡಿಬೀದಿ
@ಕುಡ್ಲ ಹಹಹ. ಹುಟ್ಟಿದ್ದು ಅಲ್ಲಿ, ಸ್ವಲ್ಪ ದಿನ ಹೈದರಾಬಾದ್, 2011ರಲ್ಲಿ ಬೆಂಗಳೂರು. ಆಟ ಕಲಿತಿದ್ದು ಇಲ್ಲೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟಲ್ಲಿ. ನಿಮ್ಮ ಮಲಪ್ಪುರಂ ಫ್ರೆಂಡಿಗೆ ಒಂದು ಲೆಕ್ಕ ಕೊಡಿ. 2021ರ ವಿಜಯ್ ಹಜಾರೆಲಿ ಸಾಲಾಗಿ ನಾಲ್ಕು ಸೆಂಚುರಿ ಹೊಡೆದನಲ್ಲ, ಒಡಿಶಾ ಮೇಲೆ 152, ಆಮೇಲೆ 126 ನಾಟೌಟ್, ರೈಲ್ವೇಸ್ ಮೇಲೆ 145 ನಾಟೌಟ್, ಕ್ವಾರ್ಟರ್ ಫೈನಲಲ್ಲಿ 101. ಆ 126 ಯಾರ ಮೇಲೆ, 101 ಯಾರ ಮೇಲೆ ಅಂತ ಹುಡುಕೋಕೆ ಹೇಳಿ.

ಕುಡ್ಲ ಕಟ್ ಶಾಟ್
ಈಗ ನೋಡಿದೆ. ಎರಡೂ ಕೇರಳ 😂 ನಾಳೆ ಹೇಳ್ತೇನೆ ಅವನಿಗೆ, ಚಾ ಕುಡಿಯುವಾಗ.

ಲೆಗ್ ಬೈ
ಆ ಕ್ವಾರ್ಟರ್ ಫೈನಲಲ್ಲಿ ನಮ್ಮದೇ ಟೀಮಿನ ಸಮರ್ಥ್ 192 ಹೊಡೆದಿದ್ದ, ಅದನ್ನೂ ಯಾರೂ ನೆನಪಿಟ್ಕೊಂಡಿಲ್ಲ. ಹೋಗ್ಲಿ ಬಿಡಿ. ಮತ್ತೆ ಆ ವರ್ಷ 7 ಮ್ಯಾಚಲ್ಲಿ 737 ಹೊಡೆದೂ ಪಡಿಕ್ಕಲ್ ಎರಡನೇ ಸ್ಥಾನ, ಪೃಥ್ವಿ ಶಾ 827 ಹೊಡೆದಿದ್ದ. ಸಾಲು ಸೆಂಚುರಿ ರೆಕಾರ್ಡನ್ನ ಮುಂದಿನ ವರ್ಷ ತಮಿಳುನಾಡಿನ ಜಗದೀಶನ್ ಐದು ಹೊಡೆದು ಮುರಿದ. ಒಟ್ಟಲ್ಲಿ ಇವನ ನಸೀಬು ಹೀಗೇ ಅಂತ ಕಾಣುತ್ತೆ.

ಹುಬ್ಳಿ ಮಿರ್ಚಿ
ನೋಡ್ರಿ, ಈ ಐಪಿಎಲ್ ಗಿಪಿಎಲ್ ಮಾತು ಸಾಕು, ಆವಾಗಿಂದ ಓದಾಕತ್ತೀನಿ. ಅಂವಾ ಮ್ಯಾಲೆ ಬಂದದ್ದು ನಮ್ಮ ಹುಬ್ಬಳ್ಳ್ಯಾಗ. 2024ರ ಜನವರಿ, ಪಂಜಾಬ್ ಮ್ಯಾಚ್, ರಾಜನಗರದ ಕೆಎಸ್‌ಸಿಎ ಗ್ರೌಂಡ್. ನಾ ಅಲ್ಲೇ ಇದ್ದೆ.

ತಿಂಡಿಬೀದಿ
@ಹುಬ್ಳಿ ಮಿರ್ಚಿ ಅಣ್ಣ ಇದೇ ಬೇಕಿತ್ತು ನಂಗೆ!! ನಾನು ಹೇಳ್ಬೇಕು ಅಂತಿದ್ದಿದ್ದೂ ಅದೇ ಮ್ಯಾಚ್. ನಾನು ಬರೀ ಸ್ಕೋರ್‌ಕಾರ್ಡ್ ನೋಡಿದೋನು, ನೀವು ಪೂರ್ತಿ ಹೇಳಿ ದಯವಿಟ್ಟು.

ಹುಬ್ಳಿ ಮಿರ್ಚಿ
ಹೇಳ್ತೀನ್ರಿ, ಸ್ವಲ್ಪ ಉದ್ದ ಆಕ್ಕೈತಿ. ಮೊದಲನೇ ದಿನ ವಾಸುಕಿ ಕೌಶಿಕ್ ಏಳು ವಿಕೆಟ್ ತಗೊಂಡು ಪಂಜಾಬ್‌ನ 152ಕ್ಕ ಮಡಚಿ ಇಟ್ಟಿದ್ದ. ನಾ ಹೋಗಿದ್ದು ಎರಡನೇ ದಿನ. ರಣಜಿ ಮ್ಯಾಚಿಗೆ ಟಿಕೆಟ್ ಇಲ್ಲ ಏನಿಲ್ಲ, ಅಂಗಡಿ ತಮ್ಮನ ಮ್ಯಾಲೆ ಬಿಟ್ಟು ಒಂದು ಪೊಟ್ಟಣ ಸೇಂಗಾ ತಗೊಂಡು ಹೋಗಿ ಕುಂತೆ. ನನ್ನ ಬಾಜೂಕ ಒಬ್ಬ ರಿಟೈರ್ಡ್ ಮಾಸ್ತರ್ ಕುಂತಿದ್ರು, ನೋಟ್‌ಬುಕ್ಕಿನ್ಯಾಗ ಬಾಲ್ ಬಾಲ್ ಲೆಕ್ಕ ಬರಕೋತ, ಪೆನ್ಸಿಲ್ ಮೊಂಡಾದ್ರ ಬ್ಲೇಡಿನ್ಯಾಗ ಕೆತ್ತಕೋತ. ನಾ ಪಡಿಕ್ಕಲ್ ಬಂದಾನ ಅಂತ ಸಿಕ್ಸರ್ ನೋಡಾಕ ಹೋದಾಂವ. ಅಂವಾ ಏನ್ ಮಾಡ್ತಾನ್ರಿ, ಬಾಲ್ ಬಿಡ್ತಾನ. ಆಫ್ ಸ್ಟಂಪಿನ ಹೊರಗ ಬಂದದ್ದು ಬಿಡ್ತಾನ. ಬ್ಯಾಟ್ ಮ್ಯಾಲೆ ಎತ್ತಿ, ಕಣ್ಣು ಕೀಪರ್ ಕೈ ತನಕ ಬಾಲಿನ ಹಿಂದಿಂದ ಹೋಗ್ತಾವ, ಆಮ್ಯಾಲೆ ಲೆಗ್ ಸೈಡಿಗೆ ನಾಕ್ ಹೆಜ್ಜಿ ನಡದು ವಾಪಸ್ ಬಂದು ನಿಲ್ತಾನ. ಮತ್ತ ಅದೇ. ನಾ ಅಂದೆ, 'ಏನ್ ಸರ್ ಹೊಡ್ಯಾವಲ್ಲ ಇಂವಾ.' ಮಾಸ್ತರ್ ತಲಿ ಎತ್ತಲಾರದ ಅಂದ್ರು, 'ತಡಿಯೋ, ಅಂವಗ ಅವಸರ ಇಲ್ಲ, ನಿನಗ ಐತಿ.'

ಅವಸರ ಇಲ್ಲ ಅಂದ್ರೂ ರನ್ ಹೆಂಗ್ ಬಂದ್ವು ತಿಳೀಲಿಲ್ರಿ, ಸ್ಕೋರ್ ಬೋರ್ಡ್ ನೋಡಿದ್ರ ನೂರು ದಾಟಿತ್ತು, ಮನೀಷ್ ಪಾಂಡೆ ಆ ಕಡೆಯಿಂದ ಹೊಡ್ಯಾಕತ್ತಿದ್ದ, ಅವನದೂ ಸೆಂಚುರಿ ಆತು, 118. ಪಡಿಕ್ಕಲ್ 193ಕ್ಕ ಔಟ್. ಏಳು ರನ್. ಮಾಸ್ತರ್ ಪೆನ್ಸಿಲ್ ಕಿವಿ ಮ್ಯಾಲೆ ಇಟ್ಟು ಎದ್ದು ನಿಂತು ಚಪ್ಪಾಳಿ ಹೊಡದ್ರು. ಆಮ್ಯಾಲೆ ಹೊರಗ ಬಂದು ಇಬ್ರೂ ಗಿರಮಿಟ್ ತಿಂದ್ವಿ, ರೊಕ್ಕ ಅವರ ಕೊಟ್ರು.

ನೈಟ್‌ವಾಚ್‌ಮನ್
ಈ ಪೋಸ್ಟಿಗೆ ಎರಡು ಲೈಕ್ ಹಾಕೋ ಆಪ್ಷನ್ ಇರ್ಬೇಕಿತ್ತು.

ಈ ಸಲ ಕಪ್ ಬಂತು
'ನಿನಗ ಐತಿ' 🔥🔥 ಇದು ಇಡೀ ಆರ್‌ಸಿಬಿ ಫ್ಯಾನ್ಸಿಗೆ ಹೇಳಿದ್ದು

ತಿಂಡಿಬೀದಿ
ಈಗ ನನ್ನ ಪಾಯಿಂಟ್ ಹೇಳ್ತೀನಿ. ಹುಬ್ಬಳ್ಳಿಗೆ ಬರೋ ಮುಂಚೆ ಅವನ ಸ್ಥಿತಿ ಹೇಗಿತ್ತು ನೋಡಿ. 2021 ಜುಲೈನಲ್ಲಿ ಕೊಲಂಬೊದಲ್ಲಿ ಎರಡು ಟಿ20 ಆಡಿಸಿದ್ರು, ಅದೂ ಕೋವಿಡ್‌ನಿಂದ ಅರ್ಧ ಟೀಮ್ ರೂಮಲ್ಲಿ ಬಾಗಿಲು ಹಾಕ್ಕೊಂಡಿತ್ತು ಅಂತ. 29, 9. ಮುಗೀತು. 2022ರಲ್ಲಿ ರಾಜಸ್ಥಾನ್ 7.75 ಕೋಟಿ ಕೊಟ್ಟು ತಗೊಂಡ್ರು, ಓಪನರ್ ಆಗಿ ಬೆಳೆದವನನ್ನ ಕೆಳಗೆ ಇಳಿಸಿದ್ರು. ಅದ್ರ ಮೇಲೆ ಹೊಟ್ಟೆ ಕಾಯಿಲೆ, ಹತ್ತಿರ ಹತ್ತಿರ ಹತ್ತು ಕೆಜಿ ತೂಕ ಇಳಿದೋಯ್ತು. ಮೊದಲೇ ಕಡ್ಡಿ ಥರ ಇರೋ ಮನುಷ್ಯ, ಅದ್ರಲ್ಲಿ ಹತ್ತು ಕೆಜಿ ಎಲ್ಲಿಂದ ತೆಗೀತೀರ? ಬಾಲಿಗೆ ಟೈಮಿಂಗ್ ಇರುತ್ತೆ, ಆದ್ರೆ ಬೌಂಡರಿ ದಾಟಲ್ಲ. ಆ ಟೈಮಲ್ಲಿ ಇಲ್ಲೇ ಎಷ್ಟು ಜನ 'ಟ್ಯಾಲೆಂಟ್ ವೇಸ್ಟ್' ಅಂತ ಬರೆದಿದ್ರು ಅಂತ ಹಳೇ ಥ್ರೆಡ್ ತೆಗೆದ್ರೆ ಸಿಗುತ್ತೆ, ನನ್ನ ಹೆಸರೂ ಇದೆ ಅದ್ರಲ್ಲಿ.

ಹುಬ್ಬಳ್ಳಿ ಆದ್ಮೇಲೆ ಮೈಸೂರಲ್ಲಿ ಗೋವಾ ಮೇಲೆ 103, ಇಂಡಿಯಾ ಎ ಪರ ಇಂಗ್ಲೆಂಡ್ ಲಯನ್ಸ್ (ಅವರ ಎ ಟೀಮ್) ಮೇಲೆ 105, ಚೆಪಾಕಲ್ಲಿ ತಮಿಳುನಾಡು ಮೇಲೆ 151. ರಣಜಿಲಿ ನಾಲ್ಕೇ ಮ್ಯಾಚ್, 556 ರನ್. ಮಾರ್ಚ್ 7ಕ್ಕೆ ಧರ್ಮಶಾಲಾದಲ್ಲಿ ಟೆಸ್ಟ್ ಕ್ಯಾಪ್, ನಂಬರ್ ಫೋರ್, 103 ಬಾಲಲ್ಲಿ 65. ಜನವರಿ ಮೊದಲ ವಾರದಿಂದ ಮಾರ್ಚ್ ಮೊದಲ ವಾರ, ಎರಡು ತಿಂಗಳು ಅಷ್ಟೇ. ಇದನ್ನ ನಾನು ಮೇಲೆ ಬರೋದು ಅಂತೀನಿ. ಐಪಿಎಲ್ 473 ಅವನಿಗೆ ಹೆಸರು ಕೊಡ್ತು, ಟೆಸ್ಟ್ ಕ್ಯಾಪ್ ಕೊಟ್ಟಿದ್ದು ಆ ಬಿಟ್ಟ ಬಾಲ್‌ಗಳು.

ಲೆಗ್ ಬೈ
ಮತ್ತೆ ಅದೇ 2024ರಲ್ಲಿ ಲಕ್ನೋ ಪರ ಐಪಿಎಲಲ್ಲಿ 7 ಮ್ಯಾಚ್, 38 ರನ್. ಟೆಸ್ಟ್ ಆಡಿ ಒಂದು ತಿಂಗಳೂ ಆಗಿರ್ಲಿಲ್ಲ. ಇದನ್ನ ಯಾಕೆ ಬಿಟ್ರಿ?

ತಿಂಡಿಬೀದಿ
ಬಿಟ್ಟಿಲ್ಲ, ಬಿಡೋ ಬಾಲ್ ಅಂತ ಬಿಟ್ಟೆ 😁 ಸರಿ, ಒಪ್ತೀನಿ. ಅದು ಕೆಟ್ಟ ಸೀಸನ್.

ಪೆರ್ತಲ್ಲೊಬ್ಬ
ಬಿಟ್ಟ ಬಾಲ್ ಬಗ್ಗೆ ಮಾತು ಬಂತು ಅಂತ ಹೇಳ್ತಿದೀನಿ. ನಾನು ಹಾಸನದವನು, ಇಲ್ಲಿ ಪೆರ್ತಲ್ಲಿ ಒಂಬತ್ತು ವರ್ಷದಿಂದ ಇದೀನಿ. 2024 ನವೆಂಬರ್ 22, ಆಪ್ಟಸ್ ಸ್ಟೇಡಿಯಂ, ಮಗಳನ್ನೂ ಕರ್ಕೊಂಡು ಹೋಗಿದ್ದೆ. ಗಿಲ್ ಬೆರಳು ಪೆಟ್ಟಾಗಿದ್ದಕ್ಕೆ ಇಂಡಿಯಾ ಎ ಟೀಮಲ್ಲಿ ಇಲ್ಲೇ ಇದ್ದ ಪಡಿಕ್ಕಲನ್ನ ಉಳಿಸ್ಕೊಂಡ್ರಲ್ಲ, ನಂಬರ್ ತ್ರೀ ಬಂದ. ಜೈಸ್ವಾಲ್ ಸೊನ್ನೆಗೆ ಹೋಗಿ ಐದು ರನ್ನಿಗೆ ಒಂದು ವಿಕೆಟ್. ಅಲ್ಲಿಂದ 23 ಬಾಲ್ ಆಡಿದ, ಒಂದು ರನ್ನೂ ಇಲ್ಲ, ಹೇಜಲ್‌ವುಡ್ ಬಾಲಿಗೆ ಹಿಂದೆ ಕ್ಯಾಚ್ ಕೊಟ್ಟ. ಸ್ಕೋರ್‌ಕಾರ್ಡಲ್ಲಿ 0 ಅಂತಿದೆ. ನಾನಲ್ಲಿ ಕೂತು ನೋಡಿದ್ದು ಬೇರೆ. ಪ್ರತಿ ಬಾಲಿಗೂ ಇಡೀ ಸ್ಟೇಡಿಯಂ ಊ ಅನ್ನೋದು, ಮಗಳು ಪ್ರತಿ ಸಲ ನನ್ನ ತೋಳು ಹಿಡ್ಕೊಳ್ಳೋದು. ಅವತ್ತು ಒಂದೇ ದಿನದಲ್ಲಿ ಹದಿನೇಳು ವಿಕೆಟ್ ಬಿತ್ತು ಅಂದ್ರೆ ಪಿಚ್ ಹೇಗಿತ್ತು ಲೆಕ್ಕ ಹಾಕ್ಕೊಳ್ಳಿ. ಎರಡನೇ ಇನಿಂಗ್ಸಲ್ಲಿ ರಾಹುಲ್, ಜೈಸ್ವಾಲ್ 201 ಸೇರಿಸಿದ ಮೇಲೆ ಬಂದು 25 ಮಾಡಿದ. ಅದು ಸಾಲಲ್ಲ, ಅದು ಅವನಿಗೂ ಗೊತ್ತಿರುತ್ತೆ. ಆದ್ರೆ ಆ ಎರಡು ಇನಿಂಗ್ಸ್ ಇಟ್ಕೊಂಡು ವೇಗದ ಬೌಲಿಂಗ್ ಆಡಕ್ಕೆ ಬರಲ್ಲ ಅಂತ ತೀರ್ಪು ಕೊಡೋರು ಒಂದು ಸಲ ಆ ಸೀಟಲ್ಲಿ ಕೂತು ನೋಡ್ಬೇಕು.

ಲೆಗ್ ಬೈ
ಸೀಟಲ್ಲಿ ಕೂತ್ರೂ 0 ಸೊನ್ನೆನೇ ಅಲ್ವಾ ಸರ್. ಅವನ ಪ್ರಾಬ್ಲಮ್ ಏನು ಅಂತ ನಾನು ಹೇಳ್ತೀನಿ, ಬೈಬೇಡಿ. ಉದ್ದ ಇದಾನೆ, ಬ್ಯಾಕ್‌ಲಿಫ್ಟ್ ಎತ್ತರ. ಬಾಲ್ ಮೇಲೆ ಬರೋ ಪಿಚ್ಚಲ್ಲಿ ಅದೇ ಅಂದ, ಬೀಸಿದ್ರೆ ಗದ್ದೆ ಮೇಲೆ ಗಾಳಿ ಹೋದಂಗಿರುತ್ತೆ. ಆದ್ರೆ ಕೋನ ಮಾಡಿ ಒಳ್ಳೆ ಲೆಂತಲ್ಲಿ ಆಚೆ ತೆಗೆಯೋ ಬಾಲಿಗೆ ಕೈ ಮೈಯಿಂದ ದೂರ ಹೋಗುತ್ತೆ. ದೇಶಿ ಕ್ರಿಕೆಟಲ್ಲಿ ಆ ಬಾಲ್ ದಿನಕ್ಕೆ ಹತ್ತು ಬರಬಹುದು, ಪೆರ್ತಲ್ಲಿ ಓವರಿಗೆ ನಾಲ್ಕು. ಇವತ್ತಿನ 147 ಸೂಪರ್ ಇನಿಂಗ್ಸ್, ಇಲ್ಲ ಅನ್ನಲ್ಲ, ಆದ್ರೆ ಅದು ಈ ಪ್ರಶ್ನೆಗೆ ಉತ್ತರ ಅಲ್ಲ.

ನೈಟ್‌ವಾಚ್‌ಮನ್
ಇದು ಸರಿಯಾದ ಮಾತು, ಬೈಯೋದೇನಿದೆ. ಒಂದು ಸೇರಿಸ್ತೀನಿ. ಈ ಸೆಪ್ಟೆಂಬರಲ್ಲಿ ಲಕ್ನೋದಲ್ಲಿ ಆಸ್ಟ್ರೇಲಿಯಾ ಎ ಮೇಲೆ 150 ಹೊಡೆದ, 281 ಬಾಲ್ ತಗೊಂಡ. ಪೆರ್ತ್ ಪಿಚ್ ಅಲ್ಲ, ಒಪ್ಪಿದೆ. ಆದ್ರೆ 281 ಬಾಲ್ ನಿಲ್ಲೋದು ಟೆಂಪರಮೆಂಟ್. ವೆಸ್ಟ್ ಇಂಡೀಸ್ ಟೆಸ್ಟಿಗೆ ಟೀಮಲ್ಲಿ ಇಟ್ಕೊಂಡ್ರು, ಆಡಿಸ್ಲಿಲ್ಲ. ಆಡಿಸ್ದೆ ಉತ್ತರ ಎಲ್ಲಿಂದ ಬರುತ್ತೆ?

ನೆಟ್ಸ್ ಹೊರಗೆ ಅಪ್ಪ
ಸುಮ್ನೆ ಓದ್ಕೊಂಡು ಹೋಗೋನು ನಾನು, ಹುಬ್ಬಳ್ಳಿ ಸರ್ ಪೋಸ್ಟ್ ಓದಿ ಬರೀಲೇಬೇಕು ಅನ್ನಿಸ್ತು. ನನ್ನ ಮಗನಿಗೆ 12, ಎಡಗೈ, ಪಡಿಕ್ಕಲ್ ಅಂದ್ರೆ ಪ್ರಾಣ, ನಿಲ್ಲೋದೂ ಅವನ ಥರಾನೇ. ಒಂದು ಅಕಾಡೆಮಿಗೆ ಸೇರಿಸಿದ್ದೆ, ಹೆಸರು ಬೇಡ. ಅಲ್ಲಿ ನೆಟ್ಸಲ್ಲಿ ಹುಡುಗ ಬಾಲ್ ಬಿಟ್ರೆ ಬೈಗುಳ. ಯಾಕೆ ಅಂದ್ರೆ ನೆಟ್ಸ್ ಹೊರಗೆ ನಾವು ಅಪ್ಪಂದಿರು ಫೋನ್ ಹಿಡ್ಕೊಂಡು ನಿಂತಿರ್ತೀವಿ ನೋಡಿ, ರೀಲ್ಸಿಗೆ ಸಿಕ್ಸರ್ ಬೇಕು, ಬಿಟ್ಟ ಬಾಲ್ ಯಾರು ನೋಡ್ತಾರೆ? ನಾನೂ ಹಿಡ್ಕೊಂಡು ನಿಂತಿದ್ದವನೇ. ಒಂದು ಸೆಲೆಕ್ಷನ್ ಟ್ರಯಲ್ಸಿಗೆ ಬೆಳಗ್ಗೆ ಆರಕ್ಕೆ ಕರ್ಕೊಂಡು ಹೋದೆ, ಮಧ್ಯಾಹ್ನ ಎರಡಕ್ಕೆ ಅವನ ಸರದಿ ಬಂತು, ಆರು ಬಾಲ್ ಕೊಟ್ರು. ಮೊದಲ ಎರಡು ಹೊರಗೆ ಹೋದ್ವು ಅಂತ ಬಿಟ್ಟ, ಮೂರನೇದು ಡಿಫೆಂಡ್ ಮಾಡಿದ. ನೆಕ್ಸ್ಟ್ ಅಂದ್ರು, ಉಳಿದ ಮೂರು ಬಾಲ್ ಕೊಡ್ಲೇ ಇಲ್ಲ. ವಾಪಸ್ ಬರ್ತಾ ಬೈಕಲ್ಲಿ ಹಿಂದೆ ಕೂತು ಕೇಳ್ದ, 'ಅಪ್ಪ, ಆ ಎರಡು ಬಾಲ್ ಹೊಡೀಬೇಕಿತ್ತಾ?' ಏನ್ ಹೇಳ್ಲಿ.

ಈಗ ಬೇರೆ ಕಡೆ ಸೇರಿಸಿದೀನಿ. ಹೋದ ತಿಂಗಳು ಮೊದಲ ಇಂಗ್ಲಿಷ್ ವಿಲೋ ಬ್ಯಾಟ್ ಕೊಡಿಸ್ದೆ, ಬೆಲೆ ಮನೇಲಿ ಅರ್ಧ ಹೇಳಿದೀನಿ. ರಾತ್ರಿ ಊಟ ಆದ್ಮೇಲೆ ಟೆರೇಸಲ್ಲಿ ಕೂತು ಹೊಸ ಬ್ಯಾಟ್ ಪಳಗಿಸೋಕೆ ಮರದ ಸುತ್ತಿಗೆಲಿ ನಾಕಿಂಗ್ ಮಾಡ್ತಾ ಇದೀವಿ, ದಿನಾ ಅರ್ಧ ಗಂಟೆ, ಅಂಚಿಂದ ಶುರು ಮಾಡಿ ಮಧ್ಯಕ್ಕೆ, ಮೊದಲು ಮೆಲ್ಲಗೆ ಆಮೇಲೆ ಜೋರಾಗಿ. ಕೆಳಗಿನ ಮನೆಯವರು ಯಾವ ಕಾರ್ಪೆಂಟರ್ ಕೆಲಸ ಅಂತ ಕೇಳ್ಕೊಂಡು ಮೇಲೆ ಬಂದಿದ್ರು.

ಹುಬ್ಳಿ ಮಿರ್ಚಿ
@ನೆಟ್ಸ್ ಹೊರಗೆ ಅಪ್ಪ ಹೊಡೀಬಾರದಿತ್ತು ಅಂತ ಹೇಳ್ರಿ ಹುಡುಗಗ. ಮಾಸ್ತರ್ ಹೇಳ್ಯಾರ ಅಂತ ಹೇಳ್ರಿ.

ಈ ಸಲ ಕಪ್ ಬಂತು
ಅಪ್ಪಾಜಿ ಹುಡುಗನಿಗೆ ಇದನ್ನೂ ಹೇಳಿ, ಬಾಲ್ ಬಿಡೋನೇ ಈ ವರ್ಷ ಆರ್‌ಸಿಬಿಲಿ 150 ಸ್ಟ್ರೈಕ್ ರೇಟಲ್ಲಿ ಹೊಡೆದಿದ್ದು. ಹರಾಜಲ್ಲಿ ಮೊದಲ ಸುತ್ತಲ್ಲಿ ಯಾರೂ ಕೈ ಎತ್ತಲಿಲ್ಲ, ಆಮೇಲೆ ಬೇಸ್ ಪ್ರೈಸ್ 2 ಕೋಟಿಗೆ ವಾಪಸ್ ಮನೆಗೆ ಬಂದ. ಮುಲ್ಲನ್‌ಪುರಲ್ಲಿ ಪಂಜಾಬ್ ಮೇಲೆ 35 ಬಾಲಿಗೆ 61, ನಾಲ್ಕು ದಿನ ಬಿಟ್ಟು ಚಿನ್ನಸ್ವಾಮಿಲಿ ರಾಜಸ್ಥಾನ್ ಮೇಲೆ 27 ಬಾಲಿಗೆ 50. 10 ಮ್ಯಾಚಲ್ಲಿ 247 ಹೊಡೆದ ಮೇಲೆ ಹ್ಯಾಮ್‌ಸ್ಟ್ರಿಂಗ್ ಹೋಯ್ತು, ಬದಲಿಗೆ ಮಯಾಂಕ್ ಬಂದ, ಜೂನ್ 3ಕ್ಕೆ ಕಪ್ ಎತ್ತುವಾಗ ಮೈದಾನದಲ್ಲಿ ಆಡ್ತಿದ್ದವನು ಮಯಾಂಕ್. 2020ರಲ್ಲಿ ನಿಂತು ನಿಂತು ಆಡ್ತಿದ್ದೋನು 2025ರಲ್ಲಿ ಮೊದಲ ಬಾಲಿಂದ್ಲೇ ಹೊಡೀತಿದ್ದ, ಬೇರೆ ಮನುಷ್ಯನೇ.

ತಿಂಡಿಬೀದಿ
ಬೇರೆ ಮನುಷ್ಯ ಅಲ್ಲ, ಅದೇ ಮನುಷ್ಯನಿಗೆ ಮೈಯಲ್ಲಿ ಹತ್ತು ಕೆಜಿ ವಾಪಸ್ ಬಂದಿದೆ. ಇನ್ನೊಂದು ಮಜಾ ನೋಡಿ ಬೆಲೆಗಳದ್ದು. 20 ಲಕ್ಷ, ಆಮೇಲೆ 7.75 ಕೋಟಿ, ಆಮೇಲೆ 2 ಕೋಟಿ. 7.75 ಇದ್ದಾಗ ಆಟ ಸಾಧಾರಣ, 2ಕ್ಕೆ ಇಳಿದಾಗ ಆಟ ಏರಿದೆ. ಮಹಾರಾಜ ಟ್ರೋಫಿಗೆ (ನಮ್ಮ ರಾಜ್ಯದ ಟಿ20 ಲೀಗ್) ಈ ವರ್ಷ ಹುಬ್ಳಿ ಟೈಗರ್ಸ್ 13.20 ಲಕ್ಷ ಕೊಟ್ರು, ಆ ಹರಾಜಿಗೆ ಅದೇ ದೊಡ್ಡದು.

ಹುಬ್ಳಿ ಮಿರ್ಚಿ
ಕೊಡಾಕ ಬೇಕಲ್ರಿ ಮತ್ತ, 193 ಬಾಕಿ ಇತ್ತು ನಮ್ದು.

ಕುಡ್ಲ ಕಟ್ ಶಾಟ್
ಆ ಟೂರ್ನಿ ಕಪ್ ಮಂಗಳೂರಿಗೆ ಬಂದದ್ದು ಅಂತ ಸುಮ್ಮನೆ ನೆನಪಿಸಿ ಹೋಗ್ತೇನೆ.

ಹುಬ್ಳಿ ಮಿರ್ಚಿ
ಹೋಗ್ರಿ ಹೋಗ್ರಿ, ಫೈನಲ್‌ನ್ಯಾಗ ಮಳಿ ಬಂದಿತ್ತು.

ಲೆಗ್ ಬೈ
ಒಂದು ಕೊನೇ ಪ್ರಶ್ನೆ, 25 ವಯಸ್ಸಿನವನನ್ನ ಇನ್ನೂ ಹುಡುಗ ಹುಡುಗ ಅಂತಿದೀರಲ್ಲ? ವೈಭವ್ 14.

ನೈಟ್‌ವಾಚ್‌ಮನ್
18ರಲ್ಲಿ ನೋಡಿದ್ದೋರಿಗೆ 35 ಆದ್ರೂ ಹುಡುಗನೇ. ಕರುಣ್ ನಾಯರ್‌ನ ನಮ್ಮಪ್ಪ ಇವತ್ತಿಗೂ 'ಆ ಹುಡುಗ' ಅಂತಾರೆ.

ನೆಟ್ಸ್ ಹೊರಗೆ ಅಪ್ಪ
ಮುಂದಿನ ಮ್ಯಾಚ್ ಯಾವಾಗ, ಯಾರ ಜೊತೆ? ಮಗ ಕೇಳ್ತಿದಾನೆ.

ತಿಂಡಿಬೀದಿ
ಶುಕ್ರವಾರ. ಅಹಮದಾಬಾದಲ್ಲೇ. ಕೇರಳ.

ಕುಡ್ಲ ಕಟ್ ಶಾಟ್
ಅಯ್ಯೋ ದೇವರೇ. ಶುಕ್ರವಾರ ನಾನು ಆಫೀಸಿಗೆ ಹೋಗಬೇಕಾ ಬೇಡವಾ ಈಗ?

ಪೆರ್ತಲ್ಲೊಬ್ಬ
ಹೋಗಿ ಹೋಗಿ, ಧೈರ್ಯವಾಗಿ ಹೋಗಿ.

ಕುಡ್ಲ ಕಟ್ ಶಾಟ್ (ಶುಕ್ರವಾರ ಸಂಜೆ)
124. ನಮ್ಮವ ಗೆದ್ದು ಬಂದ. ಮಲಪ್ಪುರಂನವ ಬೆಳಗ್ಗೆ ಟೇಬಲ್ ಹತ್ರ ಬಂದಿದ್ದ, ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಹಾಕಿ ಹೋಗಿದ್ದಾನೆ.